ಶೇಷಗಳ ಸಂಪರ್ಕ: ಪ್ರೋಟೀನು ರಚನೆಯ ಒಂದು ಅಧ್ಯಯನಶಾಖೆ ಬೆಳೆದುಬಂದ ಬಗೆ

ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಗೂಡು ಕೊಂಡೊಯ್ದ ನೂಲು ಬಿಚ್ಚುವವನು ಅದನ್ನು ಕುದಿನೀರಿಗೆ ಹಾಕಿದೊಡನೆ, ಎಳೆಗಳನ್ನು ಒಂದಕ್ಕೊಂದು ಬೆಸೆದಿದ್ದ ಸೆರಿಸಿನ್ ಎಂಬ ಗೋಂದು ಮೆತ್ತಗಾಗಿ ಕರಗತೊಡಗುವುದು. ಅದೇ ಹುಳುವಿನ ಅದೇ ಗ್ರಂಥಿಯಿಂದ ಹೊರಟ, ಅದರಂತೆಯೇ ಪ್ರೋಟೀನೇ ಆದ ಫೈಬ್ರೋಯಿನ್ ಮಾತ್ರ ಆ ಬಿಸಿಗೆ ಜಗ್ಗದೆ, ಎಳೆಯಾಗಿಯೇ ಉಳಿದು ಚರಕಕ್ಕೆ ಸುತ್ತಿಕೊಳ್ಳುವುದು. ಎರಡೂ ಅಮೈನೋ ಆಮ್ಲಗಳ ಸರಣಿಗಳೇ ಆಗಿರಲು ಈ ವ್ಯತ್ಯಾಸವೆಲ್ಲಿಂದ ಬಂದಿತು? ಕ್ಯಾಲಿಫೋರ್ನಿಯಾದ ಮಾರ್ಷ್, ಕೋರಿ ಮತ್ತು ಪೌಲಿಂಗರು 1955ರಲ್ಲಿ ಫೈಬ್ರೋಯಿನಿನ ರಚನೆಯನ್ನು ವಿವರಿಸಿದಾಗ ಇದಕ್ಕೆ ಒಂದು ಸಮಾಧಾನ ದೊರೆಯಿತು. ಗ್ಲೈಸೀನ್, ಅಲನೀನ್, ಗ್ಲೈಸೀನ್, ಅಲನೀನ್, ಗ್ಲೈಸೀನ್, ಸೆರೀನ್ ಎಂಬ ಕ್ರಮವು ಮತ್ತೆ ಮತ್ತೆ ಆವರ್ತಿಸುವ ಸರಣಿಗಳು ಪಕ್ಕಪಕ್ಕದಲ್ಲಿ ಸೇರಿ ಹಾಳೆಗಳಾಗುವುವು. ಒಂದು ಬಿಟ್ಟೊಂದು ಗ್ಲೈಸೀನೇ ಬರುವುದರಿಂದ ಹಾಳೆಯ ಒಂದು ಮುಖದಲ್ಲಿ ಬರಿಯ ಗ್ಲೈಸೀನುಗಳೂ ಇನ್ನೊಂದರಲ್ಲಿ ಅಲನೀನ್ ಮತ್ತು ಸೆರೀನುಗಳೂ ನಿಲ್ಲುವುವು. ಗ್ಲೈಸೀನಿನ ಮುಖಗಳೆರಡು ಎದುರಾದ ಕಡೆ ಹಾಳೆಗಳ ನಡುವೆ ಸುಮಾರು 3.5 ಆಂಗ್‌ಸ್ಟ್ರಮಿನಷ್ಟು, ಅಲನೀನಿನ ಮುಖಗಳು ಎದುರಾದ ಕಡೆ ಸುಮಾರು 5.7 ಆಂಗ್‌ಸ್ಟ್ರಮಿನಷ್ಟು ಅಂತರವಿರುವುದು. ಪದರದ ಮೇಲೆ ಪದರ ಇಷ್ಟು ಒತ್ತಾಗಿ ಕುಳಿತಿರುವಲ್ಲಿ ನೀರಿಗೆ ನುಸುಳಲು ಎಡೆ ಸಿಗುವುದು ಕಷ್ಟ.

ಸರಣಿಯಲ್ಲಿ ಸೇರಿಹೋದ ಒಂದೊಂದು ಅಮೈನೋ ಆಮ್ಲವನ್ನೂ ಶೇಷವೆಂದು ಕರೆಯುವುದು ವಾಡಿಕೆ. ಹತ್ತನೆಯ ಶೇಷವು ಹನ್ನೊಂದನೆಯದಕ್ಕೆ ತಗುಲಿಕೊಂಡಿರುವುದರಲ್ಲಿ ವಿಶೇಷವೇನೂ ಇಲ್ಲ. ಆ ಹತ್ತನೆಯದು ಸರಣಿಯು ಮಡಿಸಿಕೊಂಡ ದೆಸೆಯಿಂದ ನೂರನೆಯದರ ಮಗ್ಗುಲಿಗೆ ಬಂದು ನಿಂತಾಗಲೇ ರಚನೆಯೆಂಬುದು ಹುಟ್ಟುವುದು. ಹೀಗೆ ಯಾವ ಶೇಷ ಯಾವುದರ ಮಗ್ಗುಲಲ್ಲಿದೆ, ಎಷ್ಟು ಹತ್ತಿರದಲ್ಲಿದೆ ಎಂಬ ವಿಚಾರಣೆಯೇ ಕಳೆದ ಆರೇಳು ದಶಕಗಳಲ್ಲಿ ಒಂದು ಸ್ವತಂತ್ರ ಅಧ್ಯಯನಶಾಖೆಯಾಗಿ ಬೆಳೆದಿದೆ.

ಇದರ ಮೊದಲ ದೊಡ್ಡ ಫಲ ನಮ್ಮ ನೆರೆಯಲ್ಲಿಯೇ ಬಿಟ್ಟಿತು. ಮದರಾಸು ವಿಶ್ವವಿದ್ಯಾನಿಲಯದಲ್ಲಿ ಜಿ. ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ನರು 1963ರಲ್ಲಿ ಪ್ರಕಟಿಸಿದ ನಕ್ಷೆಯನ್ನು ಕೋನಗಳ ನಕ್ಷೆಯೆಂದೇ ವಿದ್ಯಾರ್ಥಿಗಳು ಓದುವರು. ಆದರೆ ಅದರ ತಳಹದಿ ಕೋನವಲ್ಲ, ಸಂಪರ್ಕ. ಬಂಧವಿಲ್ಲದ ಎರಡು ಇಂಗಾಲ ಪರಮಾಣುಗಳು ಸಾಮಾನ್ಯವಾಗಿ 3.2 ಆಂಗ್‌ಸ್ಟ್ರಮಿಗಿಂತಲೂ, ಅತಿಯೆಂದರೆ 3.0 ಆಂಗ್‌ಸ್ಟ್ರಮಿಗಿಂತಲೂ ಹತ್ತಿರ ಬರಲಾರವು ಎಂಬಂಥ ಮಿತಿಗಳನ್ನು ಪರಮಾಣುಗಳ ಒಂದೊಂದು ಜೋಡಿಗೂ ನಿಗದಿಮಾಡಿ, ಆ ಮಿತಿಯನ್ನು ಮೀರುವ ಭಂಗಿಗಳನ್ನೆಲ್ಲ ತಳ್ಳಿಹಾಕಿದ ಮೇಲೆ ಉಳಿದ ಕಿರಿದಾದ ಪ್ರದೇಶಗಳೇ ಆ ನಕ್ಷೆ. ಇಷ್ಟನ್ನು ಸಾಧಿಸಲು ಅವರ ಕೈಯಲ್ಲಿ ಪ್ರೋಟೀನು ರಚನೆಗಳ ರಾಶಿಯೇನೂ ಇರಲಿಲ್ಲ. ಕೆಂಡ್ರೂ ಮಯೋಗ್ಲೋಬಿನ್ನಿನ ಪರಮಾಣುಗಳ ನೆಲೆಯನ್ನು ಗುರುತಿಸಿ ಆಗಿನ್ನೂ ಮೂರು ವರ್ಷ ಕಳೆದಿತ್ತಷ್ಟೆ.

ಯಾವುದು ಅಸಾಧ್ಯವೆಂಬುದನ್ನು ಮದರಾಸಿನವರು ತೋರಿಸಿದರೆ, ಯಾವುದು ಪ್ರಿಯವೆಂಬುದನ್ನು ತಿಳಿಯಲು ರಚನೆಗಳ ಸಂಖ್ಯೆ ಬೆಳೆಯಬೇಕಾಗಿತ್ತು. ನೀರನ್ನು ಒಲ್ಲದ ಪಾರ್ಶ್ವಸರಣಿಗಳು ಒಳಗಡೆ ಒಟ್ಟುಗೂಡುವುದೇ ಮಡಿಕೆಗೆ ಮುಖ್ಯ ಪ್ರೇರಣೆಯೆಂದು ಕೌಜ್ಮನ್ 1959ರಲ್ಲಿಯೇ ವಾದಿಸಿದ್ದನು. 1970ರ ದಶಕದ ಆದಿಯಲ್ಲಿ ಫಿಲಿಪ್ಸ್ ಇಂಗ್ಲೆಂಡಿನಲ್ಲಿಯೂ, ನಿಶಿಕಾವ ಮತ್ತು ಓಯಿ ಜಪಾನಿನಲ್ಲಿಯೂ ಶೇಷಗಳ ನಡುವಣ ದೂರಗಳನ್ನು ಚೌಕವಾದ ಪಟದಲ್ಲಿ ಗುರುತಿಸುವ ಕ್ರಮವನ್ನು ರೂಢಿಗೆ ತಂದರು. ಅಡ್ಡಕ್ಕೂ ಉದ್ದಕ್ಕೂ ಶೇಷಗಳ ಕ್ರಮಸಂಖ್ಯೆಯನ್ನು ಬರೆದು, ಹತ್ತಿರವಿರುವ ಜೋಡಿಗೊಂದು ಚುಕ್ಕೆಯನ್ನಿಡುತ್ತ ಹೋದರೆ, ಸುರುಳಿಯಾಕಾರದ ಭಾಗಗಳು ಕರ್ಣಕ್ಕೆ ಅಂಟಿಕೊಂಡ ದಪ್ಪ ಪಟ್ಟಿಗಳಾಗಿಯೂ, ಒಂದೇ ದಿಕ್ಕಿಗೆ ಸಾಗುವ ಎಳೆಗಳು ಕರ್ಣಕ್ಕೆ ಸಮಾಂತರವಾದ ಗೆರೆಗಳಾಗಿಯೂ, ಎದುರುಬದುರಾಗಿ ಸಾಗುವ ಎಳೆಗಳು ಕರ್ಣಕ್ಕೆ ಲಂಬವಾದ ಗೆರೆಗಳಾಗಿಯೂ ಒಡಮೂಡುವುವು. ಮೂರು ಆಯಾಮದ ಗೋಜಲು ಹೀಗೆ ಒಂದು ಹಾಳೆ ಕಾಗದದಲ್ಲಿ ಅಡಕವಾಗುವುದು.

ಅನಂತರದ್ದು ಎಣಿಕೆಯ ಕಾಲ. ಟನಾಕ ಮತ್ತು ಷೆರಾಗ 1976ರಲ್ಲಿ ಆರಂಭಿಸಿದ ಕ್ರಮವನ್ನು ಮಿಯಾಜಾವಾ ಮತ್ತು ಜೆರ್ನಿಗನ್ 1985ರಲ್ಲಿ ವ್ಯವಸ್ಥಿತಗೊಳಿಸಿದರು. ಇಪ್ಪತ್ತು ಬಗೆಯ ಶೇಷಗಳಿಂದ ಆಗಬಹುದಾದ ಜೋಡಿಗಳು 210. ತಿಳಿದ ರಚನೆಗಳಲ್ಲಿ ಯಾವ ಜೋಡಿ ನಿರೀಕ್ಷೆಗಿಂತ ಹೆಚ್ಚಾಗಿ, ಯಾವುದು ಕಡಮೆಯಾಗಿ ಕಂಡುಬರುವುದೆಂಬುದನ್ನು ಎಣಿಸಿ, ಆ ಸಂಖ್ಯೆಗಳನ್ನೇ ಶಕ್ತಿಯ ಮೌಲ್ಯಗಳನ್ನಾಗಿ ಪರಿವರ್ತಿಸಿದುದು ಅವರ ಜಾಣ್ಮೆ. 1996ರ ಪರಿಷ್ಕೃತ ಕೋಷ್ಟಕದಲ್ಲಿ ನೀರನ್ನು ಒಲ್ಲದ ಲ್ಯೂಸೀನಿಗೆ ಲ್ಯೂಸೀನ್ ತಾಗಿದರೆ ಋಣ 7.37, ನೀರಿಗೆ ಒಲಿದ ಲೈಸೀನಿಗೆ ಲೈಸೀನ್ ತಾಗಿದರೆ ಋಣ 0.12; ಕೌಜ್ಮನ್ನನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲಾಗದು. ಎಷ್ಟು ಹತ್ತಿರ ಬಂದರೆ ಅದು ಸಂಪರ್ಕವೆನಿಸುವುದು? ಮಿಯಾಜಾವಾ ಮತ್ತು ಜೆರ್ನಿಗನ್ ಪಾರ್ಶ್ವಸರಣಿಗಳ ಕೇಂದ್ರಗಳ ನಡುವೆ 6.5 ಆಂಗ್‌ಸ್ಟ್ರಮ್ ಎಂದರು. ರಚನೆಯನ್ನು ಮುಂಗಾಣುವವರ ಸ್ಪರ್ಧೆಗಳಲ್ಲಿ ಬೀಟಾ ಇಂಗಾಲಗಳ ನಡುವೆ 8 ಎಂದಾಯಿತು. ಪರಮಾಣುವಿನಿಂದ ಪರಮಾಣುವಿಗೆ 4.5 ಎನ್ನುವವರೂ ಉಂಟು. ಈ ಗಡಿಯನ್ನು ನಿಸರ್ಗವು ಹಾಕಿಕೊಟ್ಟಿಲ್ಲ, ಸಂಶೋಧಕನು ಎಳೆದುಕೊಂಡಿದ್ದಾನೆ. ಆದಕಾರಣ ಒಬ್ಬರ ಎಣಿಕೆಯನ್ನು ಇನ್ನೊಬ್ಬರದರೊಡನೆ ಹೋಲಿಸುವವರು ಮೊದಲು ಗಡಿಯನ್ನು ನೋಡಬೇಕು. ಎಷ್ಟೋ ಪ್ರಬಂಧಗಳಲ್ಲಿ ಈ ಸಂಖ್ಯೆಯು ವಿಧಾನವಿಭಾಗದ ಯಾವುದೋ ಮೂಲೆಯಲ್ಲಿ ಅವಿತುಕೊಂಡಿರುವುದು ಶ್ಲಾಘ್ಯವಲ್ಲ.

ಈ ತೊಡಕಿಗೆ ಬೆಂಗಳೂರಿನಲ್ಲಿ ದೊರೆತ ಪರಿಹಾರವು ನನಗೆ ವಿಶೇಷ ಮೆಚ್ಚುಗೆಯದು. 1971ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮಚಂದ್ರನ್ನರು ಕಟ್ಟಿದ ಅಣು ಜೀವಭೌತ ವಿಭಾಗದಲ್ಲಿ ಸರಸ್ವತಿ ವಿಶ್ವೇಶ್ವರ ಅವರೂ ಅವರ ಶಿಷ್ಯರೂ 1999ರಿಂದೀಚೆಗೆ ಪ್ರೋಟೀನನ್ನು ಗಣಿತದ ಜಾಲವನ್ನಾಗಿ ಕಂಡರು. ಪ್ರತಿ ಶೇಷವೂ ಒಂದು ಗಂಟು, 4.5 ಆಂಗ್‌ಸ್ಟ್ರಮಿನೊಳಗೆ ಬರುವ ಪಾರ್ಶ್ವಸರಣಿಯ ಪರಮಾಣುಜೋಡಿಗಳು ಎಷ್ಟೆಂಬುದನ್ನು ಎಣಿಸಿ, ದೊಡ್ಡ ಶೇಷಗಳಿಗೆ ಸಹಜವಾಗಿಯೇ ಹೆಚ್ಚು ಜೋಡಿಗಳು ದೊರೆಯುವ ಪಕ್ಷಪಾತವನ್ನು ಸರಿದೂಗಿಸಿ, ಸಂಪರ್ಕದ ಬಲವನ್ನು ಶೇಕಡಾ ಲೆಕ್ಕದಲ್ಲಿ ಹೇಳುವುದು ಇವರ ಕ್ರಮ. ಇದರಿಂದ ಇದೆ, ಇಲ್ಲ ಎಂಬ ಎರಡೇ ಉತ್ತರಗಳಿಗೆ ಬದಲಾಗಿ ಬಲದ ಮೆಟ್ಟಿಲುಗಳೇ ಒದಗಿದವು. ಬಲದ ಮಿತಿಯನ್ನು ಏರಿಸುತ್ತ ಹೋದಂತೆ ಪ್ರೋಟೀನಿನ ಅತಿ ದೊಡ್ಡ ಗುಂಪು ನಿಧಾನವಾಗಿ ಕರಗದೆ ಒಂದು ಹಂತದಲ್ಲಿ ಥಟ್ಟನೆ ಚೂರುಚೂರಾಗುವುದೆಂದು ಅವರು 2005ರಲ್ಲಿ ತೋರಿಸಿದರು.

ಅದೇ ವರ್ಷ ಅವರು ಇದೇ ವಿಧಾನವನ್ನು ಲೆಕ್ಟಿನ್‌ಗಳಿಗೆ ಅನ್ವಯಿಸಿದರು. ಕಲ್ಯಾಣದುರ್ಗದ ಸೀಮೆಯವರಿಗೆ ಈ ಭಾಗ ಹೆಚ್ಚು ಆಪ್ತವೆನಿಸಬೇಕು. ಮುಗಿಲನ್ನೇ ನಂಬಿದ ಅಲ್ಲಿಯ ಕೆಂಪು ನೆಲದಲ್ಲಿ ಬೆಳೆಯುವ ಕಡಲೆಕಾಯಿಯ ಬೀಜದಲ್ಲಿ, ಸಕ್ಕರೆಯ ಅಣುಗಳನ್ನು ಆರಿಸಿ ಹಿಡಿಯಬಲ್ಲ ಲೆಕ್ಟಿನ್ ಎಂಬ ಪ್ರೋಟೀನುಂಟು. ಸ್ವಸ್ಥ ಜೀವಕೋಶಗಳ ಮೇಲ್ಮೈಯಲ್ಲಿ ಸಾಮಾನ್ಯವಾಗಿ ಮರೆಯಾಗಿದ್ದು, ಅನೇಕ ಕ್ಯಾನ್ಸರುಗಳಲ್ಲಿ ಬಯಲಿಗೆ ಬರುವ ಒಂದು ಸಕ್ಕರೆಯ ಜೋಡಿಯನ್ನು ಅದು ಗುರುತಿಸುವುದರಿಂದ ವೈದ್ಯಶಾಸ್ತ್ರಜ್ಞರಿಗೂ ಅದು ಪರಿಚಿತ. ಎಂ. ವಿಜಯನ್ ಅವರ ಬಳಗವು ಎ. ಸುರೋಲಿಯಾ ಅವರೊಡಗೂಡಿ ಕ್ಷ-ಕಿರಣಗಳಿಂದ ಇದರ ರಚನೆಯನ್ನು ಬಿಡಿಸಿ 1994ರಲ್ಲಿ ಪ್ರಕಟಿಸಿದಾಗ ವಿದ್ವಾಂಸರು ಬೆರಗಾದರು: ಒಂದೇ ಬಗೆಯ ನಾಲ್ಕು ಘಟಕಗಳು ಸೇರಿದ ಕಡೆ ಕಾಣಬೇಕಾದ ಸಮಮಿತಿಯು ಅಲ್ಲಿರಲಿಲ್ಲ, ಘಟಕಗಳು ಒಂದು ತೆರೆದ, ಓರೆಯಾದ ಜೋಡಣೆಯಲ್ಲಿ ನಿಂತಿದ್ದವು. ಒಂದೊಂದು ಘಟಕದ ಮಡಿಕೆ ಇತರ ದ್ವಿದಳ ಲೆಕ್ಟಿನ್‌ಗಳಂತೆಯೇ ಇರಲು, ಜೋಡಣೆ ಮಾತ್ರ ಏಕೆ ಬೇರೆಯಾಯಿತು? ಕೆ. ವಿ. ಬೃಂದಾ, ಸುರೋಲಿಯಾ ಮತ್ತು ವಿಶ್ವೇಶ್ವರ ಅವರು ಘಟಕಗಳು ಸಂಧಿಸುವ ಮೇಲ್ಮೈಗಳಲ್ಲಿ ಬಲವಾಗಿ ಬೆಸೆದುಕೊಂಡ ಶೇಷಗುಂಪುಗಳನ್ನು ಜಾಲದ ಲೆಕ್ಕದಿಂದ ಆರಿಸಿ, ಒಂದೊಂದು ಬಗೆಯ ಜೋಡಣೆಗೆ ಕಾರಣವಾದ ಶೇಷಗಳನ್ನು ಬೇರೆ ಬೇರೆಯಾಗಿ ಗುರುತಿಸಿದರು.

ಮುಂದಿನ ಕಥೆ ಜಗತ್ತಿಗೆಲ್ಲ ತಿಳಿದದ್ದೇ ಆದುದರಿಂದ ಸಂಕ್ಷೇಪವಾಗಿ ಹೇಳುವೆನು. ಒಂದಕ್ಕೊಂದು ತಾಗಿದ ಎರಡು ಶೇಷಗಳಲ್ಲಿ ಒಂದು ವಿಕಾಸದಲ್ಲಿ ಬದಲಾದರೆ ಇನ್ನೊಂದೂ ಬದಲಾಗುವ ಸಂಭವವುಂಟೆಂಬ ಸುಳುಹನ್ನು ಸಂಶೋಧಕರು 1994ರಲ್ಲಿಯೇ ಹಿಡಿದಿದ್ದರು. ನೇರ ಸಂಪರ್ಕವನ್ನು ಬಳಸುದಾರಿಯ ಸಂಬಂಧದಿಂದ ಬೇರ್ಪಡಿಸುವ ಗಣಿತವು 2009 ಮತ್ತು 2011ರ ನಡುವೆ ಕೈಗೂಡಿತು. 2018ರಲ್ಲಿ ಆಲ್ಫಾಫೋಲ್ಡ್ ಎಂಬ ಗಣಕಕ್ರಮವು ಬರಿಯ ಸಂಪರ್ಕಕ್ಕೆ ಬದಲಾಗಿ ದೂರವನ್ನೇ ಊಹಿಸಿತು. 2020ರ ಅದರ ಎರಡನೆಯ ಆವೃತ್ತಿಯ ಫಲವಾಗಿ ಹಸಾಬಿಸ್ ಮತ್ತು ಜಂಪರ್, ಪ್ರೋಟೀನುಗಳ ವಿನ್ಯಾಸಕ್ಕಾಗಿ ಬೇಕರ್, 2024ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ರಚನೆಯನ್ನು ಊಹಿಸುವ ಕಾರ್ಯ ಇಷ್ಟು ಸುಲಭವಾದ ಮೇಲೆ ಸಂಪರ್ಕದ ಅಧ್ಯಯನ ಮುಗಿಯಿತೆಂದು ಕೆಲವರು ಭಾವಿಸುವರು. ನಾನು ಹಾಗೆ ತಿಳಿಯೆನು. ಆಕಾರವನ್ನು ಮುಂಗಾಣುವುದು ಬೇರೆ, ಆ ಆಕಾರವನ್ನು ಹಿಡಿದಿಟ್ಟಿರುವ ಶೇಷಗಳು ಯಾವುವು, ಒಂದನ್ನು ಕಿತ್ತರೆ ಏನಾದೀತು ಎಂಬುದನ್ನು ಅರಿಯುವುದು ಬೇರೆ.

ಈ ವಿದ್ಯೆಗೆ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಕಡಲೆಕಾಯಿ ಲೆಕ್ಟಿನ್ನಿನ ಪರಮಾಣುಗಳ ಸ್ಥಾನಗಳೆಲ್ಲವೂ ಅಂತರರಾಷ್ಟ್ರೀಯ ಪ್ರೋಟೀನು ದತ್ತಭಂಡಾರದಲ್ಲಿ 2ಪಿಇಎಲ್ ಎಂಬ ಸಂಕೇತದಡಿ ಯಾರು ಬೇಕಾದರೂ ಪುಕ್ಕಟೆಯಾಗಿ ಪಡೆಯುವಂತಿವೆ. ಸಾಧಾರಣ ಗಣಕಯಂತ್ರವೊಂದಿದ್ದರೆ ಅವುಗಳ ದೂರಗಳನ್ನು ಎಣಿಸಬಹುದು. ಹಿಂದೂಪುರ ಮತ್ತು ಕಲ್ಯಾಣದುರ್ಗದ ಕಾಲೇಜುಗಳ ವಿಜ್ಞಾನೋಪಾಧ್ಯಾಯರು ತಮ್ಮ ವಿದ್ಯಾರ್ಥಿಗಳಿಂದ ಈ ಎಣಿಕೆಯನ್ನೊಮ್ಮೆ ಮಾಡಿಸಬೇಕೆಂದೂ, ಮಾಡಿಸುವಾಗ ಗಡಿಯನ್ನು 4.5ರಿಂದ 8ರವರೆಗೆ ಬದಲಿಸಿ ನೋಡಲು ಹೇಳಬೇಕೆಂದೂ ನನ್ನ ಬಿನ್ನಹ.