ಕಡಲಿಗೆ ಕಬ್ಬಿಣ: ಒಂದು ಪ್ರಯೋಗದ ಇತಿಹಾಸ

ಮಾಡಿದ ತಪ್ಪನ್ನು ಅರಿತವನಿಗೆ ಅದನ್ನು ತಿದ್ದಿಕೊಳ್ಳುವ ಆತುರ ಸಹಜ. ಆದರೆ ತಿದ್ದುವುದೂ ಒಂದು ಕಾರ್ಯವೇ ಆದ್ದರಿಂದ ಅದರಿಂದ ಯಾವ ಜೀವಿಗೆ ಏನು ಬಾಧೆಯಾದೀತೆಂಬ ವಿಚಾರವನ್ನು ಮೊದಲೇ ಮಾಡಬೇಕಾಗುತ್ತದೆ. ವಾಯುಮಂಡಲದಲ್ಲಿ ಹೆಚ್ಚಾಗಿ ಸೇರಿರುವ ಇಂಗಾಲದ ಡೈಆಕ್ಸೈಡನ್ನು ಮರಳಿ ತೆಗೆಯಬೇಕೆಂಬ ಪ್ರಯತ್ನಗಳ ಇತಿಹಾಸದಲ್ಲಿ ಈ ವಿಚಾರವು ಬಹು ಸ್ಪಷ್ಟವಾಗಿ ಎದ್ದು ಬಂದದ್ದು ದಕ್ಷಿಣ ಸಾಗರದ ನೀರಿನಲ್ಲಿ. ಆ ಸಂದರ್ಭದಲ್ಲಿ ಭಾರತದ ವಿಜ್ಞಾನಿಗಳೂ ಭಾಗಿಗಳಾಗಿದ್ದರು.

ಕೈಗಾರಿಕೆಗಳು ಬೆಳೆಯುವ ಮುನ್ನ ವಾಯುವಿನ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲು ಸುಮಾರು 280 ಭಾಗ. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಕ್ರಮಬದ್ಧವಾದ ಅಳತೆ ಆರಂಭಿಸಿದಾಗ ಅದು ಸುಮಾರು 315ಕ್ಕೆ ಏರಿತ್ತು; 2024ರಲ್ಲಿ 420ನ್ನು ದಾಟಿತ್ತು. ಕಲ್ಲಿದ್ದಲು, ತೈಲ, ಅನಿಲಗಳನ್ನು ಉರಿಸುವುದರಿಂದ ಈಗ ವರ್ಷಕ್ಕೆ ಸುಮಾರು 3,700 ಕೋಟಿ ಟನ್ನು ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುತ್ತಿದೆ. ಒಮ್ಮೆ ಸೇರಿದುದರಲ್ಲಿ ಒಂದು ಪಾಲು ಸಾವಿರಾರು ವರ್ಷ ಅಲ್ಲಿಯೇ ಉಳಿಯುತ್ತದೆ. ಆದುದರಿಂದ ಇನ್ನು ಮುಂದೆ ಸೇರಿಸದಿರುವುದರ ಜೊತೆಗೆ, ಸೇರಿದ್ದರಲ್ಲಿ ಒಂದಷ್ಟನ್ನು ತೆಗೆಯುವುದೂ ಅಗತ್ಯವೆಂಬ ಅಭಿಪ್ರಾಯ ಬಲವಾಯಿತು.

ಈ ಕೆಲಸವನ್ನು ನಿಸರ್ಗವು ತಾನಾಗಿಯೇ ನಡೆಸುವ ಸ್ಥಳಗಳಲ್ಲಿ ಸಮುದ್ರವೂ ಒಂದು. ಕಡಲಿನ ಮೇಲ್ಪದರದಲ್ಲಿ ತೇಲುವ ಸಸ್ಯಪ್ಲವಕಗಳೆಂಬ ಅತಿ ಸೂಕ್ಷ್ಮ ಜೀವಿಗಳು, ನೆಲದ ಮೇಲಿನ ಗಿಡಮರಗಳಂತೆಯೇ, ಬಿಸಿಲಿನ ನೆರವಿನಿಂದ ಇಂಗಾಲವನ್ನು ತಮ್ಮ ದೇಹದಲ್ಲಿ ಸೇರಿಸಿಕೊಳ್ಳುತ್ತವೆ. ಅವುಗಳಲ್ಲಿ ಹೆಚ್ಚಿನವನ್ನು ಇತರ ಜೀವಿಗಳು ತಿನ್ನುತ್ತವೆ. ಸತ್ತು ಆಳಕ್ಕೆ ಇಳಿದ ಸ್ವಲ್ಪ ಭಾಗದೊಡನೆ ಇಂಗಾಲವೂ ಇಳಿದು ಶತಮಾನಗಳ ಕಾಲ ಅಲ್ಲಿರುತ್ತದೆ. ಆದರೆ ದಕ್ಷಿಣ ಸಾಗರದಲ್ಲಿ ನೈಟ್ರೇಟು, ಫಾಸ್ಫೇಟುಗಳು ಹೇರಳವಾಗಿದ್ದರೂ ಈ ಜೀವಿಗಳು ವಿರಳ. ಇದಕ್ಕೆ ಕಬ್ಬಿಣದ ಕೊರತೆಯೇ ಕಾರಣವೆಂದು 1980ರ ದಶಕದ ಕೊನೆಯಲ್ಲಿ ಪ್ರತಿಪಾದಿಸಿದವರು ಕ್ಯಾಲಿಫೋರ್ನಿಯದ ಮಾಸ್ ಲ್ಯಾಂಡಿಂಗ್ ಸಾಗರ ಪ್ರಯೋಗಾಲಯದ ಜಾನ್ ಮಾರ್ಟಿನ್. ಕಬ್ಬಿಣದ ಹಡಗಿನಲ್ಲಿ ಕುಳಿತು ನೀರಿನಲ್ಲಿರುವ ಲೇಶಮಾತ್ರ ಕಬ್ಬಿಣವನ್ನು ಅಳೆಯುವುದು ಸುಲಭವಲ್ಲ. ಹಡಗಿನ ಸೋಂಕು ತಗುಲದಂತೆ ಅಳೆಯುವ ಎಚ್ಚರಿಕೆಯಿಂದಲೇ ಅವರ ವಾದಕ್ಕೆ ಆಧಾರ ದೊರೆಯಿತು. ಅರ್ಧ ಹಡಗಿನಷ್ಟು ಕಬ್ಬಿಣ ಕೊಟ್ಟರೆ ಹಿಮಯುಗವನ್ನೇ ತಂದುಕೊಡುವೆನೆಂದು ಅವರು 1988ರಲ್ಲಿ ವಿನೋದವಾಗಿ ಆಡಿದ ಮಾತು ಲೋಕಪ್ರಸಿದ್ಧವಾಯಿತು. ಮಾರ್ಟಿನ್ 1993ರಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಸಹೋದ್ಯೋಗಿಗಳು ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಬಳಿ ಮೊದಲ ಪ್ರಯೋಗ ನಡೆಸಿ, ಕಬ್ಬಿಣ ಬೆರೆತ ನೀರಿನಲ್ಲಿ ಸಸ್ಯಪ್ಲವಕಗಳು ಹೆಚ್ಚುವುದನ್ನು ಕಂಡರು.

ಮುಂದಿನ ಒಂದೂವರೆ ದಶಕದಲ್ಲಿ ಇಂತಹ ಹತ್ತಾರು ಪ್ರಯೋಗಗಳು ನಡೆದವು. ಅಷ್ಟರಲ್ಲಿ ವಿನೋದದ ಮಾತು ವ್ಯಾಪಾರದ ಮಾತಾಯಿತು. ಕಡಲಿಗೆ ಕಬ್ಬಿಣ ಸುರಿದು, ಮುಳುಗಿದ ಇಂಗಾಲದ ಲೆಕ್ಕ ತೋರಿಸಿ, ಆ ಪುಣ್ಯವನ್ನು ಹೊಗೆಯುಗುಳುವ ಕಾರ್ಖಾನೆಗಳಿಗೆ ಮಾರುವ ಉದ್ದೇಶದಿಂದ ಕಂಪನಿಗಳು ಹುಟ್ಟಿಕೊಂಡವು. ಸಮುದ್ರವು ಯಾರೊಬ್ಬರ ಸ್ವತ್ತೂ ಅಲ್ಲದಿರುವಾಗ ಅದನ್ನು ಬದಲಿಸುವ ಅಧಿಕಾರವನ್ನು ಕೊಟ್ಟವರಾರು ಎಂಬ ಪ್ರಶ್ನೆ ಎದ್ದಿತು. 2008ರ ಮೇ ತಿಂಗಳಲ್ಲಿ ಬಾನ್ ನಗರದಲ್ಲಿ ಸೇರಿದ ಜೀವವೈವಿಧ್ಯ ಒಪ್ಪಂದದ ರಾಷ್ಟ್ರಗಳು, ಸಾಕಷ್ಟು ವೈಜ್ಞಾನಿಕ ಆಧಾರ ದೊರೆಯುವವರೆಗೆ ಇಂತಹ ಕಾರ್ಯಕ್ಕೆ ಎಡೆಗೊಡಬಾರದೆಂದೂ, ತೀರಪ್ರದೇಶದ ಸಣ್ಣ ಪ್ರಮಾಣದ ಸಂಶೋಧನೆಗೆ ಮಾತ್ರ ವಿನಾಯಿತಿಯೆಂದೂ ಹೇಳಿದವು. ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ ಒಪ್ಪಂದದ ರಾಷ್ಟ್ರಗಳು ನ್ಯಾಯಸಮ್ಮತ ವೈಜ್ಞಾನಿಕ ಸಂಶೋಧನೆಯನ್ನುಳಿದು ಬೇರಾವ ಕಾರಣಕ್ಕೂ ಇದು ಸಲ್ಲದೆಂದು ನಿರ್ಣಯಿಸಿದವು.

ಈ ಹಿನ್ನೆಲೆಯಲ್ಲಿ 2009ರ ಜನವರಿಯಲ್ಲಿ ಜರ್ಮನಿಯ 'ಪೋಲಾರ್‌ಸ್ಟರ್ನ್' ನೌಕೆ ದಕ್ಷಿಣ ಆಫ್ರಿಕದ ಕೇಪ್ ಟೌನಿನಿಂದ ಹೊರಟಿತು. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯೂ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯೂ ಕೂಡಿ ಕೈಗೊಂಡ ಈ ಪ್ರಯೋಗದ ಹೆಸರು 'ಲೋಹಾಫೆಕ್ಸ್'. ಹಿಂದಿಯಲ್ಲಿ ಲೋಹಾ ಎಂದರೆ ಕಬ್ಬಿಣ. ವಾಜಿಹ್ ನಖ್ವಿ ಮತ್ತು ವಿಕ್ಟರ್ ಸ್ಮೆಟಾಚೆಕ್ ಇದರ ಮುಖ್ಯ ವಿಜ್ಞಾನಿಗಳು. ಪರಿಸರ ಸಂಘಟನೆಗಳು ಆಕ್ಷೇಪವೆತ್ತಿದವು. ಜರ್ಮನಿಯ ಪರಿಸರ ಸಚಿವಾಲಯವೂ ವಿರೋಧಿಸಿತು. ನೌಕೆ ಕಡಲಿನಲ್ಲಿರುವಾಗಲೇ ಕಬ್ಬಿಣ ಹಾಕುವುದನ್ನು ತಡೆಹಿಡಿಯಲಾಯಿತು. ಸ್ವತಂತ್ರ ತಜ್ಞರ ಪರಿಶೀಲನೆ ಮುಗಿದ ಬಳಿಕ, ತಿಂಗಳ ಕೊನೆಯಲ್ಲಿ, ಅನುಮತಿ ದೊರೆಯಿತು.

ಅಟ್ಲಾಂಟಿಕದ ದಕ್ಷಿಣ ಭಾಗದ ಒಂದು ವಿಶಾಲವಾದ ಸುಳಿಯೊಳಗೆ 300 ಚದರ ಕಿಲೋಮೀಟರ್ ಪ್ರದೇಶಕ್ಕೆ ಕಬ್ಬಿಣದ ಸಲ್ಫೇಟನ್ನು, ಅಂದರೆ ಅನ್ನಭೇದಿಯನ್ನು, ಕರಗಿಸಿ ಬಿಡಲಾಯಿತು. ಎರಡು ವಾರಗಳಲ್ಲಿ ಸಸ್ಯಪ್ಲವಕಗಳ ರಾಶಿ ಇಮ್ಮಡಿಯಾಯಿತು. ಆದರೆ ಅಲ್ಲಿಗೇ ಬೆಳವಣಿಗೆ ನಿಂತಿತು. ಕೊಪೆಪಾಡ್ ಎಂಬ ಚಿಕ್ಕ ಜೀವಿಗಳು ಅವುಗಳನ್ನು ತಿಂದವು. ಆ ಕೊಪೆಪಾಡುಗಳನ್ನು ಆಂಫಿಪಾಡ್ ಎಂಬ, ಸಿಗಡಿಯನ್ನು ಹೋಲುವ ಜೀವಿಗಳು ತಿಂದವು. ಗಟ್ಟಿ ಕವಚವಿದ್ದು ಭಕ್ಷಕರಿಂದ ಕೆಲಮಟ್ಟಿಗೆ ಪಾರಾಗಬಲ್ಲ ಡಯಾಟಮ್ಮುಗಳು ಬೆಳೆಯಲು ಬೇಕಾದ ಸಿಲಿಕಾ ಆ ನೀರಿನಲ್ಲಿ ಇರಲಿಲ್ಲ. ಆಳಕ್ಕೆ ಇಳಿದ ಇಂಗಾಲ ಅತ್ಯಲ್ಪ. ವಿಜ್ಞಾನಿಗಳು ಈ ಫಲಿತಾಂಶವನ್ನು ಆ ಮಾರ್ಚಿನಲ್ಲಿಯೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಇದಕ್ಕೆ ವ್ಯತಿರಿಕ್ತವಾಗಿ, 2004ರಲ್ಲಿ ಸಿಲಿಕಾ ಇದ್ದ ನೀರಿನಲ್ಲಿ ನಡೆದ ಮತ್ತೊಂದು ಪ್ರಯೋಗದಲ್ಲಿ ಬೆಳೆದ ಡಯಾಟಮ್ಮುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ 1,000 ಮೀಟರಿಗೂ ಕೆಳಗೆ ಇಳಿದಿತ್ತೆಂದು 2012ರಲ್ಲಿ ವರದಿಯಾಯಿತು. ಒಂದೇ ಕಬ್ಬಿಣ, ಎರಡು ಬಗೆಯ ನೀರು, ಎರಡು ಫಲ.

ಅದೇ 2012ರಲ್ಲಿ ಕೆನಡದ ಪಶ್ಚಿಮ ಕರಾವಳಿಯಾಚೆ, ಸಾಲ್ಮನ್ ಮೀನು ಹೆಚ್ಚಲೆಂದು, ಸುಮಾರು 100 ಟನ್ನು ಕಬ್ಬಿಣದ ಪದಾರ್ಥವನ್ನು ಕಡಲಿಗೆ ಸುರಿಯಲಾಯಿತು. ಜಗತ್ತಿಗೆ ತಿಳಿದದ್ದು ಸುರಿದ ಮೇಲೆ. 2013ರಲ್ಲಿ ಲಂಡನ್ ಒಪ್ಪಂದದ ರಾಷ್ಟ್ರಗಳು ಇಂತಹ ಕಾರ್ಯಗಳನ್ನು ಕಾನೂನಿನ ಕಟ್ಟಿಗೆ ತರುವ ತಿದ್ದುಪಡಿಯನ್ನು ಅಂಗೀಕರಿಸಿದವು. ಆದರೂ ವಿಚಾರ ಮುಗಿದಿಲ್ಲ. ತಾಪಮಾನದ ಭೀತಿ ಹೆಚ್ಚಿದಂತೆ, 2021ರಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು ಸಾಗರದ ಮೂಲಕ ಇಂಗಾಲ ತೆಗೆಯುವ ವಿಧಾನಗಳ ಸಂಶೋಧನೆಯನ್ನು ಮತ್ತೆ ಶಿಫಾರಸು ಮಾಡಿವೆ.

ಮೇಲಿನ ಎರಡು ಘಟನೆಗಳನ್ನು ಒಟ್ಟಿಗಿಟ್ಟು ನೋಡಿದರೆ ಕಾಣುವ ನೀತಿ ಸರಳವಾದುದು. ಲೋಹಾಫೆಕ್ಸ್ ತಡೆದು ನಿಂತಿತು, ಪ್ರಶ್ನೆಗೆ ಉತ್ತರ ಕೊಟ್ಟಿತು, ನಿರಾಶೆಯ ಫಲವನ್ನೂ ಲೋಕದ ಮುಂದಿಟ್ಟಿತು. ಆದುದರಿಂದ ಅದರ ಸೋಲಿನಿಂದಲೂ ಜ್ಞಾನ ಬೆಳೆಯಿತು. ಲೆಕ್ಕದ ಪುಸ್ತಕದಲ್ಲಿ ಇಂಗಾಲಕ್ಕೆ ಮಾತ್ರ ಜಾಗವಿದ್ದು, ತಿನ್ನುವ ಮತ್ತು ತಿನ್ನಿಸಿಕೊಳ್ಳುವ ಕೋಟ್ಯಂತರ ಜೀವಗಳಿಗೆ ಒಂದು ಸಾಲೂ ಇಲ್ಲದಿದ್ದರೆ ಆ ಲೆಕ್ಕ ಸರಿಯಾಗದೆಂಬುದನ್ನು ಆ ಸಣ್ಣ ಕೊಪೆಪಾಡುಗಳೇ ತೋರಿಸಿಕೊಟ್ಟವು. ಹಳೆಯ ಸಾಲವನ್ನು ತೀರಿಸುವ ದಾರಿ ಹುಡುಕುವುದು ಯುಕ್ತವೇ. ಆದರೆ ದಿನದಿನವೂ ಹೊಸ ಸಾಲ ಮಾಡುತ್ತಿರುವವನು ಎಷ್ಟು ತೀರಿಸಿದರೂ ಋಣಮುಕ್ತನಾಗುವುದಿಲ್ಲ. ಗಾಳಿಗೆ ಸೇರುತ್ತಿರುವುದನ್ನು ತಗ್ಗಿಸುವ ಸಂಯಮವು ಮೊದಲು ಬರಬೇಕು. ಸೇರಿದ್ದನ್ನು ತೆಗೆಯುವ ವಿದ್ಯೆ ಅದನ್ನು ಹಿಂಬಾಲಿಸಿ ನಡೆಯಬೇಕು.