ಕೊನೆಯ ಅಂಕಿಯವರೆಗೂ ಓದುವುದು

ನಾವು 0.1 ಎಂದು ಬರೆದರೆ ಅದು ಹತ್ತರಲ್ಲೊಂದು ಭಾಗ. ಕಂಪ್ಯೂಟರಿಗೆ ಮಾತ್ರ ಅದು ಮೊದಲಿಗೆ ಮೂರು ಅಕ್ಷರಗಳ ಸಾಲು: ಸೊನ್ನೆ, ಚುಕ್ಕಿ, ಒಂದು. ಆ ಸಾಲನ್ನು ಓದಿ ಸಂಖ್ಯೆ ಮಾಡಿಕೊಂಡ ಮೇಲೆಯೇ ಲೆಕ್ಕ ಶುರುವಾಗುವುದು. ಇಷ್ಟು ಚಿಕ್ಕ ಕೆಲಸವನ್ನು ಸರಿಯಾಗಿ ಕಲಿಯಲು ಕಂಪ್ಯೂಟರ್ ಲೋಕಕ್ಕೆ ದಶಕಗಳೇ ಬೇಕಾದವು.

ನಾವು ಹತ್ತರ ಲೆಕ್ಕದಲ್ಲಿ ಬರೆಯುತ್ತೇವೆ. ಯಂತ್ರ ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ಮೂರರಲ್ಲೊಂದನ್ನು ನಾವು 0.333 ಎಂದು ಬರೆದು ಮುಗಿಸಲಾಗದ ಹಾಗೆ, ಹತ್ತರಲ್ಲೊಂದನ್ನು ಯಂತ್ರ ಮುಗಿಸಲಾರದು. 1985ರ ಐಇಇಇ 754 ಮಾನಕದ ‘ಡಬಲ್’ ಸಂಖ್ಯೆಗೆ 53 ಬಿಟ್‌ಗಳ ನಿಖರತೆ. ಅದರೊಳಗೆ ಹೊಂದಿಸಿದಾಗ 0.1 ಎಂಬುದು 0.1000000000000000055 ಎಂದು ಮುಂದುವರಿಯುವ ಸಂಖ್ಯೆಯಾಗುತ್ತದೆ. ಇಷ್ಟು ವ್ಯತ್ಯಾಸ ತಪ್ಪಿದ್ದಲ್ಲ. ಇರುವ ಸಂಖ್ಯೆಗಳಲ್ಲಿ ತೀರಾ ಹತ್ತಿರದ್ದನ್ನೇ ಆರಿಸಿ ಎಂದು ಕೇಳಬಹುದು, ಅಷ್ಟೆ. ವಿಲಿಯಂ ಕಹಾನ್ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಆ ಮಾನಕ ಅದನ್ನೂ ಎಲ್ಲ ಸಂಖ್ಯೆಗಳಿಗೆ ಕಡ್ಡಾಯ ಮಾಡಲಿಲ್ಲ.

ಕಾರಣವಿತ್ತು. 9007199254740993 ಎಂಬ ಸಂಖ್ಯೆಗೆ ಡಬಲ್‌ನಲ್ಲಿ ಜಾಗವಿಲ್ಲ; ಅದು 992 ಮತ್ತು 994ರಲ್ಲಿ ಕೊನೆಯಾಗುವ ಎರಡು ಸಂಖ್ಯೆಗಳ ನಟ್ಟನಡುವೆ ಇದೆ. ನಿಯಮದಂತೆ ಅದು ಕೆಳಗಿನದಕ್ಕೆ ಸರಿಯುತ್ತದೆ. ಆದರೆ ಅದರ ಮುಂದೆ ಚುಕ್ಕಿಯಿಟ್ಟು ನೂರು ಸೊನ್ನೆ ಬರೆದು, ಕೊನೆಯಲ್ಲಿ ಒಂದು 1 ಸೇರಿಸಿದರೆ ಮೇಲಿನದೇ ಸರಿಯುತ್ತರ. ಅಂದರೆ ಕೊನೆಯ ಅಂಕಿಯವರೆಗೂ ಓದದೆ ತೀರ್ಮಾನಿಸುವಂತಿಲ್ಲ. ಹತ್ತರಿಂದ ಗುಣಿಸುತ್ತ, ಹೆಜ್ಜೆಹೆಜ್ಜೆಗೂ ಅಂದಾಜಿಸುತ್ತ ಸಾಗುವ ಸರಳ ವಿಧಾನ ಸೋಲುವುದು ಇಲ್ಲೇ.

1990ರಲ್ಲಿ ವಿಲಿಯಂ ಕ್ಲಿಂಗರ್ ಇದನ್ನು ಖಚಿತವಾಗಿ ಹೇಳಿದರು: ನಿಗದಿತ ನಿಖರತೆಯ ಯಾವ ಗಣಿತದಿಂದಲೂ ಈ ಸಮಸ್ಯೆ ಬಗೆಹರಿಯದು. ದಾರಿಯನ್ನೂ ಅವರೇ ತೋರಿಸಿದರು. ಮೊದಲು ವೇಗವಾಗಿ ಅಂದಾಜಿಸಿ. ಅನುಮಾನ ಬಂದರೆ ಮಾತ್ರ ಬೇಕಾದಷ್ಟು ಉದ್ದದ ಪೂರ್ಣಾಂಕಗಳಲ್ಲಿ ಲೆಕ್ಕ ಹಾಕಿ. ಅದೇ ವರ್ಷ ಬೆಲ್ ಲ್ಯಾಬ್ಸ್‌ನ ಡೇವಿಡ್ ಗೇ ಈ ವಿಚಾರವನ್ನು ಬೆಳೆಸಿ ಬರೆದ ಕೋಡ್ ಎಲ್ಲರಿಗೂ ಮುಕ್ತವಾಗಿ ಸಿಕ್ಕಿತು. ಅನೇಕ ಪ್ರೋಗ್ರಾಮಿಂಗ್ ಭಾಷೆಗಳ ಒಳಗೆ ಸೇರಿತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಆ ಕೋಡನ್ನು ಆಧರಿಸಿದ ಪಿಎಚ್‌ಪಿ, 2011ರ ಜನವರಿಯಲ್ಲಿ, 2.2250738585072011 × 10⁻³⁰⁸ ಎಂಬ ಒಂದೇ ಸಂಖ್ಯೆಯನ್ನು ಓದಲು ಹೋಗಿ ಕೊನೆಯಿಲ್ಲದ ಸುತ್ತಿಗೆ ಬಿದ್ದದ್ದು ಬೆಳಕಿಗೆ ಬಂತು. ಹಳೆಯ ಇಂಟೆಲ್ ಮಾದರಿಯ ಗಣಿತ ಘಟಕ 80 ಬಿಟ್‌ಗಳಲ್ಲಿ ಲೆಕ್ಕವಿಡುತ್ತಿತ್ತು. ಆ ಹೆಚ್ಚುವರಿ ನಿಖರತೆಯಿಂದಾಗಿ, ಉತ್ತರವನ್ನು ತಿದ್ದುವ ಹೆಜ್ಜೆ ಮುಗಿಯಲೇ ಇಲ್ಲ. ಯಾರಾದರೂ ಆ ಅಂಕಿಗಳನ್ನು ಕಳಿಸಿದರೆ ಸಾಕು, ಸರ್ವರ್ ಸ್ತಬ್ಧವಾಗಬಹುದಿತ್ತು. ತುರ್ತು ತಿದ್ದುಪಡಿ ಬಂತು. ಮರುತಿಂಗಳು ಜಾವಾಕ್ಕೂ ಇಂಥದ್ದೇ ತಿದ್ದುಪಡಿ ಬೇಕಾಯಿತು.

ಈ ಇತಿಹಾಸದಿಂದ ಕೋಡ್ ಬರೆಯುವವರಿಗೆ ಎರಡು ಬುದ್ಧಿಮಾತು ಸಿಗುತ್ತವೆ. ಪಠ್ಯವನ್ನು ಸಂಖ್ಯೆಯಾಗಿಸುವ ಕೋಡನ್ನು ಸ್ವಂತವಾಗಿ ಹೊಸೆಯಬೇಡಿ. ಪಳಗಿದ ಲೈಬ್ರರಿಯನ್ನೇ ಬಳಸಿ. ದುಡ್ಡಿನ ಲೆಕ್ಕವಾದರೆ ಡಬಲ್ ಬೇಡವೇ ಬೇಡ; ‘10.10’ ಎಂಬ ಪಠ್ಯವನ್ನು ನೇರವಾಗಿ 1010 ಪೈಸೆ ಎಂದು ಓದಿ ಪೂರ್ಣಾಂಕವಾಗಿಯೇ ಇಟ್ಟುಕೊಳ್ಳಿ. ಅತ್ಯಂತ ಹತ್ತಿರದ ಸಂಖ್ಯೆ ವಿಜ್ಞಾನಿಗೆ ಸಾಕಾದೀತು. ಅಂಗಡಿಯ ಲೆಕ್ಕದಲ್ಲಿ ಪೈಸೆಗೆ ಪೈಸೆ ತಾಳೆಯಾಗಬೇಕು.