ಶತ್ರಂಜ್ ಬಟ್ಟೆ ಮಡಚುವ ಹೊತ್ತು

ರಮಝಾನಿನ ಒಂದು ರಾತ್ರಿ ತರಾವೀಹ್ ಮುಗಿಸಿ ಬಂದು ಆಪಾಳ ಮನೆಯ ಪಡಸಾಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಆಟ ಆಡುತ್ತಿದ್ದೆ. ಚಹಾ ತಂದಿಟ್ಟ ಆಪಾ, "ನಲವತ್ತೈದು ದಾಟಿತು ನಿನಗೆ. ಮಗ ಕಾಲೇಜಿಗೆ ಹೋಗುತ್ತಾನೆ. ಇನ್ನೂ ಈ ಮಕ್ಕಳಾಟ ಬಿಡಲಿಲ್ಲವಲ್ಲೋ" ಎಂದಳು. ಅದೇ ಪಡಸಾಲೆಯಲ್ಲಿ ದುಲ್ಹಾಭಾಯಿ ಟಿವಿಯ ಮುಂದೆ ಮೂರು ಗಂಟೆಯಿಂದ ಕ್ರಿಕೆಟ್ ನೋಡುತ್ತಿದ್ದರು. ಅವರಿಗೆ ಯಾರೂ ಏನೂ ಅನ್ನಲಿಲ್ಲ. ಬೇರೆಯವರು ಆಡುವುದನ್ನು ನೋಡುವುದು ದೊಡ್ಡವರಿಗೆ ಒಪ್ಪುತ್ತದೆ, ತಾವೇ ಆಡುವುದು ಒಪ್ಪುವುದಿಲ್ಲ ಎಂಬ ಈ ಲೆಕ್ಕ ನನಗೆ ವಿಚಿತ್ರವಾಗಿ ಕಂಡಿತು. ಆದರೆ ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಹುಡುಕುತ್ತ ಹೋದಾಗ ತಿಳಿದದ್ದು, ಆಪಾಳ ಪ್ರಶ್ನೆಗೆ ಕನಿಷ್ಠ ಸಾವಿರದ ಇನ್ನೂರು ವರ್ಷ ವಯಸ್ಸಾಗಿದೆ ಎಂದು. ಆಗ ಮೊಬೈಲ್ ಇರಲಿಲ್ಲ, ಚದುರಂಗವಿತ್ತು.

ಚದುರಂಗ ಹುಟ್ಟಿದ್ದು ನಮ್ಮ ನೆಲದಲ್ಲಿ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯಿಂದ ಬಂದ 'ಚತುರಂಗ' ಎಂಬ ಹೆಸರು ಪರ್ಷಿಯಾಕ್ಕೆ ಹೋಗಿ ಚತ್ರಂಗ್ ಆಯಿತು, ಅರಬರ ನಾಲಗೆಯಲ್ಲಿ ಶತ್ರಂಜ್ ಆಯಿತು. ಏಳನೆಯ ಶತಮಾನದಲ್ಲಿ ಪರ್ಷಿಯಾ ಮುಸ್ಲಿಮರ ಕೈಗೆ ಬಂದ ಮೇಲೆಯೇ ಈ ಆಟ ಅರಬರಲ್ಲಿ ಹರಡಿದ್ದು. ಪ್ರವಾದಿಯವರು (ಸ) ಕ್ರಿ.ಶ. 632ರಲ್ಲೇ ತೀರಿಕೊಂಡಿದ್ದರು. ದಾಳ ಉರುಳಿಸಿ ಆಡುವ ನರ್ದ್ ಎಂಬ ಆಟದ ವಿರುದ್ಧ ಕಟುವಾದ ಹದೀಸ್ ಸಹೀಹ್ ಮುಸ್ಲಿಂ ಗ್ರಂಥದಲ್ಲಿದೆ. ಶತ್ರಂಜ್ ಬಗ್ಗೆ ಅಂಥ ದೃಢವಾದ ಹದೀಸ್ ಇಲ್ಲ. ಆದ್ದರಿಂದ ಉಲಮಾಗಳು ತಾವೇ ತರ್ಕಿಸಿ ತೀರ್ಮಾನಕ್ಕೆ ಬರಬೇಕಾಯಿತು, ತೀರ್ಮಾನಗಳು ಬೇರೆಬೇರೆಯಾದವು.

ಮದೀನಾದ ಇಮಾಂ ಮಾಲಿಕ್ (ಮರಣ 795) ಅವರಿಗೆ ಈ ಆಟದಲ್ಲಿ ಒಳಿತೇನೂ ಕಾಣಲಿಲ್ಲ. ಹನಫಿ ಪಂಥವೂ ಕಟ್ಟುನಿಟ್ಟಿನ ನಿಲುವು ತಳೆಯಿತು. ಇಮಾಂ ಶಾಫಿ (ಮರಣ 820) ಇದನ್ನು ಹರಾಂ ಎನ್ನಲಿಲ್ಲ, ಮಕ್ರೂಹ್, ಅಂದರೆ ಮೆಚ್ಚತಕ್ಕದ್ದಲ್ಲ, ಎಂದಷ್ಟೇ ಹೇಳಿದರು. ಪ್ರವಾದಿಯವರ ಸಂಗಾತಿಗಳ ನಂತರದ ಪೀಳಿಗೆಯ ಮಹಾ ವಿದ್ವಾಂಸ, ಹಜ್ಜಾಜನ ಆಜ್ಞೆಯಿಂದ 714ರಲ್ಲಿ ಕೊಲ್ಲಲ್ಪಟ್ಟ ಸಈದ್ ಇಬ್ನ್ ಜುಬೈರ್ ಅವರು ಹಾಸಿಗೆ ಬೆನ್ನು ಹಾಕಿ ಕುಳಿತು, ಕಾಯಿಗಳನ್ನು ನೋಡದೆಯೇ ಶತ್ರಂಜ್ ಆಡುತ್ತಿದ್ದರೆಂಬ ವರದಿಯೂ ಇದೆ. ನಮ್ಮ ನಾಡಿನಲ್ಲಿ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ಘಟ್ಟದ ಮೇಲಿನವರಲ್ಲಿ ಬಹುಪಾಲು ಹನಫಿಗಳು. ಹೀಗಾಗಿ ಅದೇ ಚದುರಂಗದ ಹಾಸು ಘಟ್ಟ ಇಳಿಯುತ್ತಿದ್ದಂತೆ ಸ್ವಲ್ಪ ಹಗುರಾಗುತ್ತದೆ ಎಂದು ತಮಾಷೆಗೆ ಹೇಳಬಹುದು.

ಈ ಚರ್ಚೆಯಲ್ಲಿ ನನಗೆ ಮುಖ್ಯವೆನಿಸಿದ್ದು ತೀರ್ಪಿಗಿಂತಲೂ ಅದಕ್ಕೆ ಹಾಕಿದ ಷರತ್ತುಗಳು. ಹದಿಮೂರನೆಯ ಶತಮಾನದ ಶಾಫಿ ವಿದ್ವಾಂಸ ಇಮಾಂ ನವವಿಯವರ ಪ್ರಕಾರ, ಆಟದಿಂದ ನಮಾಝಿನ ಹೊತ್ತು ತಪ್ಪಿದರೆ, ಅಥವಾ ಹಣ ಪಣಕ್ಕಿಟ್ಟರೆ ಅದು ಹರಾಂ. ಇಮಾಂ ಗಝಾಲಿ (ಮರಣ 1111) ಇನ್ನೂ ಸೂಕ್ಷ್ಮವಾಗಿ ನೋಡಿದರು. ಶತ್ರಂಜ್ ಆಡಬಹುದು, ಆದರೆ ಸದಾ ಅದರಲ್ಲೇ ಮುಳುಗಿರುವುದು ಕೆಟ್ಟದ್ದು ಎಂದರು. ಮನಸ್ಸು ದಣಿಯುತ್ತದೆ, ವಿನೋದ ಅದಕ್ಕೆ ಔಷಧಿ, ಔಷಧಿಯನ್ನು ಅಳತೆ ಮೀರಿ ಸೇವಿಸಬಾರದು ಎಂಬುದು ಅವರ ವಿಚಾರದ ಸಾರ. ಇಲ್ಲಿ ವಯಸ್ಸಿನ ಮಾತು ಎಲ್ಲಿದೆ ಎಂದು ಹುಡುಕಿದೆ. ಇಲ್ಲ. ಇವರೆಲ್ಲ ಯೋಚಿಸಿದ್ದೇ ಗಡ್ಡ ಬಂದ ಗಂಡಸರು ಆಡುವ ಆಟದ ಬಗ್ಗೆ.

ಬಗ್ದಾದಿನ ಅಸ್ಸೂಲಿ (ಮರಣ 946) ಇತಿಹಾಸಕಾರ, ಸಾಹಿತಿ, ರಾಜಕುಮಾರರ ಗುರು. ಖಲೀಫ ಮುಕ್ತಫಿಯ (ಆಳ್ವಿಕೆ 902-908) ಎದುರಿಗೆ ಆಸ್ಥಾನದ ಮೆಚ್ಚಿನ ಆಟಗಾರ ಮಾವರ್ದಿಯನ್ನು ಸೋಲಿಸಿ ಹೆಸರಾದವರು. ಅವರು ಕಟ್ಟಿದ ಒಂದು ಚದುರಂಗ ಸಮಸ್ಯೆಯನ್ನು ಬಿಡಿಸಲು ಸಾವಿರ ವರ್ಷ ಬೇಕಾಯಿತು. 1980ರ ದಶಕದಲ್ಲಿ ರಷ್ಯಾದ ಯೂರಿ ಅವೆರ್ಬಾಖ್ ಅದಕ್ಕೆ ಉತ್ತರ ಕಂಡುಕೊಂಡರು. ಇಂಥದ್ದನ್ನು ಮಕ್ಕಳಾಟ ಎನ್ನಲು ಯಾರಿಗೆ ಧೈರ್ಯ ಬಂದೀತು?

ಈ ಅನುಮಾನ ಮುಸ್ಲಿಮರದ್ದು ಮಾತ್ರ ಎಂದೂ ತಿಳಿಯಬೇಕಿಲ್ಲ. 1061ರಲ್ಲಿ ಇಟಲಿಯ ಕಾರ್ಡಿನಲ್ ಪೀಟರ್ ಡೇಮಿಯನ್, ಸಂಜೆ ಛತ್ರದಲ್ಲಿ ಚದುರಂಗ ಆಡುತ್ತಿದ್ದ ಫ್ಲಾರೆನ್ಸಿನ ಬಿಷಪ್ಪರನ್ನು ಗದರಿಸಿದರು. ನಿಷೇಧವಿರುವುದು ದಾಳಕ್ಕೆ, ಚದುರಂಗಕ್ಕಲ್ಲ ಎಂದು ಬಿಷಪ್ ವಾದಿಸಿದರು. ಬಗ್ದಾದಿನ ವಾದವೇ ಅದು! ವಾದ ನಡೆಯಲಿಲ್ಲ. ಹನ್ನೆರಡು ಬಡವರ ಪಾದ ತೊಳೆಯುವ ಪ್ರಾಯಶ್ಚಿತ್ತ ಬಿತ್ತು. 1254ರಲ್ಲಿ ಫ್ರಾನ್ಸಿನ ಒಂಬತ್ತನೆಯ ಲೂಯಿ ದೊರೆ ತನ್ನ ಅಧಿಕಾರಿಗಳಿಗೆ ದಾಳದ ಜೊತೆ ಚದುರಂಗವನ್ನೂ ನಿಷೇಧಿಸಿದ.

ನಮ್ಮ ದೇಶದಲ್ಲಿ ಆಡುವ ದೊಡ್ಡವರ ಮೇಲೆ ಬಿದ್ದ ದೊಡ್ಡ ಆರೋಪವೆಂದರೆ ರಾಜ್ಯ ಕಳೆದದ್ದು. ಪ್ರೇಮಚಂದರು 1924ರಲ್ಲಿ ಪ್ರಕಟಿಸಿದ, 1977ರಲ್ಲಿ ಸತ್ಯಜಿತ್ ರೇ ಸಿನಿಮಾ ಮಾಡಿದ ಶತ್ರಂಜ್ ಆಟಗಾರರ ಕತೆ ಎಲ್ಲರಿಗೂ ಗೊತ್ತು. ಕಂಪನಿ ಲಖನೌವನ್ನು ನುಂಗುವಾಗ ಮೀರ್ ಮತ್ತು ಮಿರ್ಜಾ ಎಂಬ ಇಬ್ಬರು ಜಾಗೀರುದಾರರು ಹಾಸಿನ ಮುಂದೆ ಕುಳಿತಿರುತ್ತಾರೆ. ಕತೆ ದೊಡ್ಡದು, ನಾನು ಅದನ್ನು ಉರ್ದುವಿನಲ್ಲಿ ಎಷ್ಟು ಸಲ ಓದಿದ್ದೇನೋ. ಆದರೆ ಅದನ್ನು ಇತಿಹಾಸವೆಂದು ಓದುವವರ ಜೊತೆ ನನ್ನ ತಕರಾರಿದೆ. 1801ರಲ್ಲೇ ಕಂಪನಿ ಅವಧದ ಅರ್ಧದಷ್ಟು ಸೀಮೆಯನ್ನು ಒಪ್ಪಂದದ ಹೆಸರಿನಲ್ಲಿ ಕಿತ್ತುಕೊಂಡಿತ್ತು. ಉಳಿದರ್ಧವನ್ನು 1856ರಲ್ಲಿ ಡಾಲ್‌ಹೌಸಿ 'ದುರಾಡಳಿತ'ದ ನೆಪದಲ್ಲಿ ಸೇರಿಸಿಕೊಂಡ. ಕಸಿಯುವವನಿಗೆ, ಕಳೆದುಕೊಂಡವನು ಆಟಗಾರ, ಹಾಡುಗಾರ ಎಂದು ತೋರಿಸುವುದು ಅನುಕೂಲದ ಮಾತು.

ನಮ್ಮ ಮೈಸೂರಿನಲ್ಲೂ ಇದೇ ಆಯಿತು. 1831ರಲ್ಲಿ ಕಂಪನಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡಿತು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಅವರಿಗೆ ಮರಳಲಿಲ್ಲ. ಆ ದೊರೆ ಹೊಸ ಹೊಸ ಹಾಸಿನ ಆಟಗಳನ್ನು ಕಟ್ಟಿದರು, ಗಂಜೀಫಾ ಎಲೆಗಳ ಹೊಸ ವಿಧಗಳನ್ನು ರೂಪಿಸಿದರು, ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಅವುಗಳನ್ನು ಬರೆಸಿಟ್ಟರು. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ನಡಿಗೆಗಳನ್ನು ರಚಿಸಿದರು. ಇದೇ ಕುದುರೆ ನಡಿಗೆಯನ್ನು ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನ ಅಲ್ ಅದ್ಲಿ ಕಟ್ಟಿದ್ದ. ಅದೇ ಶತಮಾನದಲ್ಲಿ ಕಾಶ್ಮೀರದ ರುದ್ರಟ ಅದನ್ನು ಕಾವ್ಯದ ಬಂಧವನ್ನಾಗಿ ಹೆಣೆದಿದ್ದ. ಮುಮ್ಮಡಿಯವರದ್ದು ಕೈಕಟ್ಟಿ ಕೂರಿಸಿದ ದೊರೆಯೊಬ್ಬನ ಕಾಲಹರಣ ಎಂದು ಬೇಕಾದವರು ಹೇಳಲಿ. ಅವರ ಆಟಗಳು ಉಳಿದಿವೆ, ರಾಜ್ಯ ಹೋದದ್ದು ಆಟದಿಂದಲ್ಲ.

ಹಾಗಾದರೆ ವಿಡಿಯೋ ಗೇಮಿಗೆ ಮಕ್ಕಳಾಟ ಎಂಬ ಹಣೆಪಟ್ಟಿ ಎಲ್ಲಿಂದ ಬಂತು? 1972ರಲ್ಲಿ 'ಪಾಂಗ್' ಎಂಬ ಆಟದ ಮೊದಲ ಯಂತ್ರವನ್ನು ಕ್ಯಾಲಿಫೋರ್ನಿಯಾದಲ್ಲಿ ಇಟ್ಟದ್ದು ದೊಡ್ಡವರು ಕುಡಿಯಲು ಬರುವ ಒಂದು ಬಾರಿನಲ್ಲಿ. 1983ರ ಸುಮಾರಿಗೆ ಅಮೆರಿಕದಲ್ಲಿ ಈ ವ್ಯಾಪಾರ ಕುಸಿದ ಮೇಲೆ, ಅದನ್ನು ಎತ್ತಿ ನಿಲ್ಲಿಸಿದ ಜಪಾನಿನ ನಿಂಟೆಂಡೊ ಕಂಪನಿ ಆಟಿಕೆಯಂಗಡಿಯ ಮೂಲಕ ಮಾರಿತು. ಅಲ್ಲಿಂದ ಅದು ಮಕ್ಕಳ ಸಾಮಾನಾಯಿತು. ಆ ನಿಂಟೆಂಡೊ 1889ರಲ್ಲಿ ಶುರುವಾದದ್ದು ದೊಡ್ಡವರಾಡುವ ಇಸ್ಪೀಟಿನಂಥ ಎಲೆಗಳನ್ನು ತಯಾರಿಸಲು! ಅಂದರೆ ಆಪಾಳ ಮಾತಿನ ಹಿಂದಿರುವುದು ನಲವತ್ತು ವರ್ಷದ ಒಂದು ಅಂಗಡಿ ಲೆಕ್ಕ.

ಶತ್ರಂಜ್ ಜಗಳವೂ ಇನ್ನೂ ಮುಗಿದಿಲ್ಲ. ಇರಾನಿನಲ್ಲಿ 1979ರ ಕ್ರಾಂತಿಯ ನಂತರ ನಿಷೇಧವಾದ ಚದುರಂಗಕ್ಕೆ 1988ರಲ್ಲಿ ಖೊಮೇನಿಯವರೇ ಪಣವಿಲ್ಲದಿದ್ದರೆ ಆಡಬಹುದೆಂದು ಅನುಮತಿಯಿತ್ತರು. 2016ರಲ್ಲಿ ಸೌದಿಯ ಮಹಾ ಮುಫ್ತಿಯವರು ಚದುರಂಗ ನಿಷಿದ್ಧವೆಂದರು. 2017ರ ಡಿಸೆಂಬರಿನಲ್ಲಿ ರಿಯಾದಿನಲ್ಲೇ ವಿಶ್ವ ರ‍್ಯಾಪಿಡ್ ಚದುರಂಗ ನಡೆದು, ನಲವತ್ತೆಂಟರ ವಿಶ್ವನಾಥನ್ ಆನಂದ್ ಗೆದ್ದರು. 2025ರ ಮೇ ತಿಂಗಳಲ್ಲಿ ತಾಲಿಬಾನ್ ಆಡಳಿತ ಚದುರಂಗವನ್ನು ತಡೆಹಿಡಿಯಿತು. ಅದೇ ವರ್ಷ ರಿಯಾದಿನ ಇ-ಸ್ಪೋರ್ಟ್ಸ್ ವಿಶ್ವಕಪ್ಪಿನಲ್ಲಿ, ವಿಡಿಯೋ ಗೇಮುಗಳ ಸಾಲಿನಲ್ಲೇ, ಕಂಪ್ಯೂಟರ್ ಪರದೆಯ ಮೇಲೆ ಚದುರಂಗ ಆಡಿಸಿದರು. ಹಾಸು ಹೋಗಿ ಪರದೆ ಬಂತು, ಪ್ರಶ್ನೆ ಮಾತ್ರ ಅದೇ.

ಉತ್ತರಗಳೂ ಹೆಚ್ಚು ಬದಲಾಗಿಲ್ಲ. 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ, ಇ-ಸ್ಪೋರ್ಟ್ಸ್‌ಗೆ ಮನ್ನಣೆ ನೀಡುವ ಕಾನೂನನ್ನು ಅಂಗೀಕರಿಸಿತು. ನವವಿಯವರ ಪಣದ ಷರತ್ತು ಇದೇ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಆಟದ ಚಟವೂ ಸೇರಿದೆ. ಹಿಡಿತ ತಪ್ಪುವುದು, ಬೇರೆಲ್ಲ ಕೆಲಸಕ್ಕಿಂತ ಆಟವೇ ಮೊದಲಾಗುವುದು, ಹಾನಿ ಕಂಡರೂ ನಿಲ್ಲಿಸಲಾಗದಿರುವುದು ಅದರ ಲಕ್ಷಣಗಳು. ಗಝಾಲಿಯವರು ಇದನ್ನು ಔಷಧಿಯ ಅಳತೆ ಎಂದಿದ್ದರು.

ಇಷ್ಟೆಲ್ಲ ಓದಿಕೊಂಡು ಆಪಾಳಿಗೆ ಉತ್ತರ ಹೇಳಲು ಸಿದ್ಧನಾಗಿದ್ದೆ. ಅಷ್ಟರಲ್ಲಿ ಒಂದು ರಾತ್ರಿ ಬೇರೆಯದೇ ಆಯಿತು. ಅಮ್ಮಿ ನಮ್ಮ ಮನೆಯಲ್ಲಿದ್ದರು. ನಾನು ಆಟದ ಕೊನೆಯ ಹಂತದಲ್ಲಿದ್ದೆ. ಹೆಂಡತಿ ಬಂದು, "ಅಮ್ಮಿ ನೀರು ಕೇಳಿ ಎರಡು ಸಲ ಕೂಗಿದರಂತೆ, ನಿಮಗೆ ಕೇಳಲಿಲ್ಲವಾ?" ಎಂದಳು. ನಿಜಕ್ಕೂ ಕೇಳಿರಲಿಲ್ಲ. ಅಮ್ಮಿ ಗೋಡೆ ಹಿಡಿದು ತಾವೇ ಅಡುಗೆಮನೆಗೆ ಹೋಗಿ ಕುಡಿದು ಬಂದಿದ್ದರು. "ನೀನೇನೋ ಕೆಲಸದಲ್ಲಿದ್ದೆ ಅಂದುಕೊಂಡೆ ಬೇಟಾ" ಎಂದರು.

ಪ್ರೇಮಚಂದರ ಕತೆಯಲ್ಲಿ ಮಿರ್ಜಾನ ಬೇಗಮ್ ತಲೆನೋವೆಂದು ಮತ್ತೆ ಮತ್ತೆ ಹೇಳಿ ಕಳಿಸುತ್ತಾಳೆ, ಅವನು ತಡಮಾಡಿ ಒಲ್ಲದ ಮನಸ್ಸಿನಿಂದಲೇ ಏಳುತ್ತಾನೆ. ಲಖನೌ ಹೋದ ಸಂಗತಿಗಿಂತ ಆ ಕತೆಯ ನಿಜವಾದ ಆರೋಪ ಇದೇ ಇರಬೇಕು ಎಂದು ಅಂದು ಅನಿಸಿತು.

ನಮ್ಮ ನಾನಾ ದರ್ಜಿ. ಸಂಜೆ ಅಂಗಡಿಯ ಕಟ್ಟೆಯ ಮೇಲೆ ತಾವೇ ಹೊಲಿದ ಶತ್ರಂಜ್ ಬಟ್ಟೆ ಹಾಸಿ ಆಡುತ್ತಿದ್ದರು. ಮಗ್ರಿಬ್ ಅಝಾನ್ ಕೇಳಿದೊಡನೆ, ಗೆಲ್ಲುತ್ತಿದ್ದರೂ ಸರಿ, ಕಾಯಿಗಳ ಸಮೇತ ಬಟ್ಟೆಯ ನಾಲ್ಕು ಮೂಲೆ ಎತ್ತಿ ಗಂಟು ಕಟ್ಟಿಬಿಡುತ್ತಿದ್ದರು. "ನಾಳೆ ಹೊಸದಾಗಿ ಆಡೋಣ" ಎನ್ನುತ್ತಿದ್ದರು. ಎಪ್ಪತ್ತು ದಾಟಿದರೂ ಆಡಿದರು. ಅವರನ್ನು ಯಾರೂ ಮಕ್ಕಳಾಟ ಬಿಡು ಎಂದದ್ದು ನನಗೆ ನೆನಪಿಲ್ಲ.

ದೊಡ್ಡವರು ಆಡಬಹುದೇ? ಆಡಬಹುದು, ಕರೆದಾಗ ಏಳುವುದಾದರೆ. ನಾನು ಈಗಲೂ ಆಡುತ್ತೇನೆ, ಆದರೆ ಶಬ್ದ ಬಂದ್ ಮಾಡಿ, ಅಮ್ಮಿಯ ಕೋಣೆಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು.